ಎರಡು ಸುತ್ತು ಶಿಕ್ಷೆ

ಹಾಯಿದೋಣಿ ಪಂದ್ಯ ಶುರುವಾಗುವ ಮೊದಲೇ ಕೈಗೆ ಎರಡು ಕಾಗದದ ಕಟ್ಟು ಬಂದಿವೆ. ಒಂದು ನೋಟಿಸ್ ಆಫ್ ರೇಸ್. ಯಾರು ಬರಬಹುದು, ಶುಲ್ಕ ಎಷ್ಟು, ಯಾವ ದೋಣಿ, ಎಷ್ಟು ಓಟ ಎಂಬುದೆಲ್ಲ ಅದರಲ್ಲಿದೆ. ಇನ್ನೊಂದು ಸೇಲಿಂಗ್ ಇನ್‌ಸ್ಟ್ರಕ್ಷನ್ಸ್, ನೀರಿಗಿಳಿದ ಮೇಲಿನ ಕಟ್ಟಳೆ. ಇವೆರಡರ ಬೆನ್ನಿಗೆ ದಪ್ಪ ಪುಸ್ತಕವೊಂದು ನಿಂತಿದೆ: ವರ್ಲ್ಡ್ ಸೇಲಿಂಗ್ ಸಂಸ್ಥೆಯ ನಿಯಮಾವಳಿ. ನಾಲ್ಕು ವರ್ಷಕ್ಕೊಮ್ಮೆ ಅದನ್ನು ಪರಿಷ್ಕರಿಸುತ್ತಾರೆ. ಈಗ ಚಾಲ್ತಿಯಲ್ಲಿರುವುದು 2025–2028ರದು. ಇಷ್ಟನ್ನೂ ಅರಗಿಸಿಕೊಳ್ಳಬೇಕಾದವರು ಹದಿನೈದರೊಳಗಿನ ಮಕ್ಕಳು. ನಮ್ಮ ಅಕ್ಕನ ಮೊಮ್ಮಗಳಿಗೆ ಹನ್ನೊಂದು. ನಾನು ಕನ್ನಡಕ ಏರಿಸಿ ಓದುತ್ತಿರುವುದನ್ನು ನೋಡಿ, "ತಾತ, ಎಲ್ಲಾ ಬೇಡ. ಟೈಮ್ ಲಿಮಿಟ್ ಒಂದು ನೋಡ್ಕೊಳ್ಳಿ, ಊಟಕ್ಕೆ ಯಾವಾಗ ಬರ್ತೀನಿ ಗೊತ್ತಾಗುತ್ತೆ" ಅಂದಳು.

ಪೂರ್ತಿ ಓದಿದೆ. ಅಂಪೈರ್ ಎಲ್ಲಿ ನಿಲ್ಲುತ್ತಾನೆ ಎಂಬುದು ಎಲ್ಲೂ ಸಿಗಲಿಲ್ಲ.

*

ಜಾಗ ಹೈದರಾಬಾದಿನ ಹುಸೇನ್ ಸಾಗರ. ಕುತುಬ್ ಶಾಹಿ ಕಾಲದ ಕೆರೆ. ನಡುವೆ ಬುದ್ಧ ನಿಂತಿದ್ದಾನೆ. ಆ ವಿಗ್ರಹ 1990ರಲ್ಲಿ ಸಾಗಿಸುವಾಗ ದೋಣಿಯಿಂದ ಜಾರಿ ಇದೇ ನೀರಿನಲ್ಲಿ ಮುಳುಗಿತ್ತು. 1992ರಲ್ಲಿ ಮೇಲೆತ್ತಿ ನಿಲ್ಲಿಸಿದರು. ಯಾಚ್ ಕ್ಲಬ್ ಆಫ್ ಹೈದರಾಬಾದ್‌ನ ಮಾನ್ಸೂನ್ ರೆಗಟ್ಟಾ, ಸೇನೆಯ ಇಎಂಇ ಸೇಲಿಂಗ್ ಅಸೋಸಿಯೇಷನ್ ನಡೆಸುವ ಸೇಲಿಂಗ್ ವೀಕ್ ಎಲ್ಲ ಈ ಕೆರೆಯಲ್ಲೇ. ನಾನು ನೋಡಲು ಬಂದಿರುವುದು ಅವೆರಡೂ ಅಲ್ಲ, ಮಕ್ಕಳದೇ ಆದ ಸಣ್ಣದೊಂದು ಪಂದ್ಯ. ಮಳೆಗಾಲದ ಗಾಳಿಗಾಗಿ ಇಲ್ಲಿಗೆ ಬರುತ್ತಾರೆ, ನೀರಿನ ವಾಸನೆಯನ್ನು ಸಹಿಸಿಕೊಳ್ಳುತ್ತಾರೆ.

*

ದೋಣಿ ಹೊಗಳುವಂಥದ್ದಲ್ಲ. ಮೂತಿ ಕತ್ತರಿಸಿ ಹಲಗೆ ಬಡಿದಂತೆ ಚಪ್ಪಟೆ. ದನದ ಕಲಗಚ್ಚಿನ ಬಾನಿಗೆ ಹಾಯಿ ಕಟ್ಟಿ ಬಿಟ್ಟ ಹಾಗಿದೆ. ಹೆಸರು ಮಾತ್ರ ಆಪ್ಟಿಮಿಸ್ಟ್. ಅಮೆರಿಕದ ಫ್ಲಾರಿಡಾದ ಕ್ಲಿಯರ್‌ವಾಟರ್ ಎಂಬ ಊರಿನಲ್ಲಿ 1947ರಲ್ಲಿ ಕ್ಲಾರ್ಕ್ ಮಿಲ್ಸ್ ಎಂಬುವನು ಅಲ್ಲಿನ ಆಪ್ಟಿಮಿಸ್ಟ್ ಕ್ಲಬ್ಬಿನವರಿಗಾಗಿ ಇದನ್ನು ರೂಪಿಸಿದ. ಮಕ್ಕಳ ದೋಣಿ ಅಗ್ಗವಾಗಿರಬೇಕು, ಪ್ಲೈವುಡ್ಡಿನ ಎರಡು ಹಾಳೆಗಳಲ್ಲಿ ಮುಗಿಯಬೇಕು ಎಂಬುದು ಲೆಕ್ಕ. ಎಂಟಡಿಯ ಹಾಳೆಯಿಂದ ಎಂಟಡಿಗಿಂತ ಉದ್ದದ ದೋಣಿ ಹುಟ್ಟುವುದಿಲ್ಲ. ಹಾಗಾಗಿ ಮೂತಿಯ ಚೂಪು ಹೋಯಿತು. 1954ರಲ್ಲಿ ಒಬ್ಬ ಡೇನಿಷ್ ನಾವಿಕ ಅದನ್ನು ಯುರೋಪಿಗೆ ಒಯ್ದ. ಅಲ್ಲಿಂದ ಲೋಕವೆಲ್ಲ ಹಬ್ಬಿತು. ಈಗ ಫೈಬರ್‌ಗ್ಲಾಸ್. ಉದ್ದ 2.3 ಮೀಟರ್, ಒಡಲಿನ ತೂಕ 35 ಕಿಲೋ, ಒಂದೇ ಹಾಯಿ, ಒಬ್ಬನೇ ಸವಾರ. ಹದಿನೈದು ತುಂಬುವ ವರ್ಷದ ಡಿಸೆಂಬರ್ 31 ದಾಟಿದರೆ ಈ ದೋಣಿಗೆ ವಿದಾಯ ಹೇಳಬೇಕು.

ಇಷ್ಟು ಸರಳ ದೋಣಿಗೂ ಅಳತೆ ಪರೀಕ್ಷೆ ಇದೆ. ಹಾಯಿಯನ್ನು ಕಂಬಕ್ಕೆ ಕಟ್ಟಿದ ಸಣ್ಣ ದಾರಗಳ ಬಳಿ ಒಬ್ಬರು ಸ್ಕೇಲ್ ಹಿಡಿದು ನೋಡುತ್ತಿದ್ದಾರೆ. ಕಂಬಕ್ಕೂ ಹಾಯಿಗೂ ನಡುವೆ 10 ಮಿಲಿಮೀಟರಿಗಿಂತ ಹೆಚ್ಚು ಸಂದು ಇರಕೂಡದು. ದೋಣಿ ಮಗುಚಿದರೆ ಮುಳುಗದಂತೆ ಒಳಗೆ ಮೂರು ಗಾಳಿಚೀಲ. ಕಂಬ ಕಳಚಿ ಬೀಳದಂತೆ ಕಟ್ಟು. ನೀರು ಹೊರಚೆಲ್ಲಲು ಡಬ್ಬಿ, ಎಳೆದೊಯ್ಯಲು ತೇಲುವ ಹಗ್ಗ, ಒಂದು ಹುಟ್ಟು. ಮೈಮೇಲೆ ಲೈಫ್ ಜಾಕೆಟ್, ಅದಕ್ಕೊಂದು ಸೀಟಿ. ಇವುಗಳಲ್ಲಿ ಒಂದು ಕಡಿಮೆಯಾದರೂ ತಕರಾರು. ಇದರಲ್ಲಿ ನನಗೇನೂ ಗೊಂದಲವಿಲ್ಲ. ಮಕ್ಕಳನ್ನು ನೀರಿಗೆ ಬಿಡುವವರು ಹೀಗೇ ಇರಬೇಕು.

*

ಟ್ಯಾಲಿ. ದಡ ಬಿಡುವ ಮೊದಲು ತನ್ನ ದೋಣಿಯ ಸಂಖ್ಯೆಯ ಮುಂದೆ ಗುರುತು ಹಾಕಬೇಕು, ಹಿಂತಿರುಗಿದ ಕೂಡಲೇ ಮತ್ತೆ ಹಾಕಬೇಕು. ಎಲ್ಲ ಗುರುತು ಸರಿಹೋಗುವವರೆಗೆ ರಕ್ಷಣಾ ದೋಣಿಗಳು ನೀರು ಬಿಡುವುದಿಲ್ಲ. ಮರೆತರೆ ಅಂಕದಲ್ಲಿ ದಂಡ. ಓಟದಲ್ಲಿ ಎಷ್ಟನೆಯವನಾಗಿ ಬಂದರೂ ಸರಿ, ಬಂದೆ ಎಂದು ಹೇಳದವನು ಬಂದಂತಲ್ಲ.

*

ಅಪ್ಪ ಅಮ್ಮಂದಿರ ಬಗ್ಗೆ. ನಿಯಮಾವಳಿಯ ಪುಸ್ತಕದಲ್ಲಿ ಶಬ್ದಗಳ ವಿವರಣೆ ಇದೆಯಲ್ಲ, ಅಲ್ಲಿ ಸಪೋರ್ಟ್ ಪರ್ಸನ್ ಎಂಬ ಪಟ್ಟಿಯೊಳಗೆ ಕೋಚ್, ವೈದ್ಯ ಮೊದಲಾದವರ ಜೊತೆ ತಂದೆ, ತಾಯಿ, ಪೋಷಕರನ್ನೂ ಸೇರಿಸಿದ್ದಾರೆ. ಹಾಗೆಂದರೆ ನಿಯಮಗಳು ಅವರಿಗೂ ಅನ್ವಯ. ಅಪ್ಪನ ಅತಿರೇಕಕ್ಕೆ ಮಗಳ ದೋಣಿಯ ಅಂಕ ಹೋಗಬಹುದು! ನಾನು ತಾತ, ಅದೂ ದೂರದವನು. ಈ ಪಟ್ಟಿಯೊಳಗೆ ಬರುತ್ತೇನೋ ಇಲ್ಲವೋ ಎಂದು ಒಬ್ಬ ಅಧಿಕಾರಿಯನ್ನು ಕೇಳಿದೆ. ನಕ್ಕು, "ಸಾರ್, ಕೂಗಿ ಹೇಳಿಕೊಡಬೇಡಿ, ಅಷ್ಟೇ" ಎಂದರು.

ಕೋಚುಗಳ ಮೋಟಾರು ದೋಣಿಗಳಿಗೂ ಗಡಿ. ಓಟದ ಸಿದ್ಧತೆಯ ಸಂಕೇತ ಬಿದ್ದಮೇಲೆ ಕೊನೆಯ ದೋಣಿ ಗುರಿ ಮುಟ್ಟುವವರೆಗೆ ಅವರು ಪಂದ್ಯದ ಬಳಿ ಸುಳಿಯುವಂತಿಲ್ಲ. ಹೊರಗಿನ ನೆರವು ಪಡೆಯುವುದು ತಪ್ಪು, ಒಂದು ಮಾತಿನ ಸಲಹೆ ಕೂಡ. ಒಟ್ಟಿನಲ್ಲಿ ದೊಡ್ಡವರನ್ನೆಲ್ಲ ಗುಡಿಸಿ ದಡಕ್ಕೆ ಹಾಕಿ, ಹನ್ನೊಂದರ ಹುಡುಗಿಯನ್ನು ಗಾಳಿಯ ಜೊತೆ ಒಬ್ಬಳನ್ನೇ ಬಿಡುವ ಏರ್ಪಾಡು. ಇದನ್ನು ನಾನು ಮೊದಲು ಕ್ರೌರ್ಯ ಅಂದುಕೊಂಡೆ. ಕಾರಿನ ಬಾನೆಟ್ ಮೇಲೆ ಕೂತು ದುರ್ಬೀನು ಹಿಡಿದು ಬೆವರುತ್ತಿರುವ ತಂದೆಯರನ್ನು ನೋಡಿದ ಮೇಲೆ ಏರ್ಪಾಡು ಸರಿಯಾಗಿದೆ ಅನ್ನಿಸಿತು.

*

ಓಟದ ಆರಂಭ ಅರ್ಥವಾಗಲು ಒಂದು ಬೆಳಗು ಬೇಕಾಯಿತು. ಇಲ್ಲಿ ಗೆರೆಯ ಮೇಲೆ ಯಾರೂ ನಿಲ್ಲುವುದಿಲ್ಲ. ಹಾಯಿದೋಣಿಯನ್ನು ನಿಲ್ಲಿಸುವುದೇ ಕಷ್ಟ. ಗೆರೆಯೂ ಕಾಣುವುದಿಲ್ಲ. ಸಮಿತಿಯ ದೋಣಿಯ ಮೇಲಿನ ಕಿತ್ತಳೆ ಬಾವುಟದಿಂದ ಆಚೆ ತುದಿಯಲ್ಲಿ ತೇಲುವ ಗುರುತಾದ ಬೋಯಾದವರೆಗೆ ಮನಸ್ಸಿನಲ್ಲೇ ಎಳೆದುಕೊಳ್ಳಬೇಕು. ಐದು ನಿಮಿಷ ಇರುವಾಗ ದೋಣಿಯ ತರಗತಿಯ ಬಾವುಟ ಏರುತ್ತದೆ. ನಾಲ್ಕು ನಿಮಿಷಕ್ಕೆ ನೀಲಿಯೊಳಗೆ ಬಿಳಿ ಚೌಕದ ಪಿ ಬಾವುಟ. ಒಂದು ನಿಮಿಷಕ್ಕೆ ಅದು ಇಳಿಯುತ್ತದೆ. ಸೊನ್ನೆಗೆ ತರಗತಿಯ ಬಾವುಟವೂ ಇಳಿಯುತ್ತದೆ, ಓಟ ಶುರು. ಆ ಐದು ನಿಮಿಷವೂ ದೋಣಿಗಳು ಗೆರೆಯ ಹಿಂದೆ ಅಡ್ಡಾಡುತ್ತ, ಒಂದನ್ನೊಂದು ತಳ್ಳಿಕೊಳ್ಳದೆ, ಸೊನ್ನೆಯ ಕ್ಷಣಕ್ಕೆ ಸರಿಯಾಗಿ ಪೂರ್ತಿ ವೇಗದಲ್ಲಿ ಗೆರೆಗೆ ಬಂದು ತಾಗುವಂತೆ ಹೊಂಚು ಹಾಕುತ್ತಿರುತ್ತವೆ.

ಪ್ರತಿ ಬಾವುಟಕ್ಕೂ ಒಂದು ಹಾರ್ನ್ ಊದುತ್ತಾರೆ. ಆದರೆ ನಿಯಮ ಹೇಳುವುದು ಬಾವುಟವೇ ಸಮಯ, ಸದ್ದಲ್ಲ ಎಂದು. ಹಾರ್ನ್ ಕೈಕೊಟ್ಟರೂ ಓಟ ಓಟವೇ. ಕಿವಿಗಿಂತ ಕಣ್ಣನ್ನು ನಂಬುವ ಆಟ.

ಮೊದಲೇ ಗೆರೆ ದಾಟಿದವರಿಗೆ ಬಿಳಿ ಮೇಲೆ ನೀಲಿ ಶಿಲುಬೆಯ ಎಕ್ಸ್ ಬಾವುಟ: ಹಿಂದಕ್ಕೆ ಬಂದು ಮತ್ತೆ ಹೊರಡಬೇಕು. ಯಾರು ದಾಟಿದರು ಎಂದು ಗುರುತಿಸಲಾಗದಷ್ಟು ಮಂದಿ ದಾಟಿದ್ದರೆ ನೀಲಿ ಅಂಚಿನ ಹಳದಿ ತ್ರಿಕೋನ ಏರಿಸಿ ಎಲ್ಲರನ್ನೂ ವಾಪಸ್ ಕರೆಯುತ್ತಾರೆ. ಬೆಳಗಿನ ಓಟಕ್ಕೆ ಆ ತ್ರಿಕೋನ ಮತ್ತೆ ಮತ್ತೆ ಏರಿತು. ಆಮೇಲೆ ಪಿ ಬಾವುಟದ ಜಾಗಕ್ಕೆ ಕಪ್ಪು ಬಾವುಟ ಬಂತು. ದಡದಲ್ಲೆಲ್ಲ ಮೌನ. ಕಪ್ಪು ಬಾವುಟವಿದ್ದಾಗ ಕೊನೆಯ ನಿಮಿಷದಲ್ಲಿ, ಗೆರೆ ಮತ್ತು ಮೊದಲ ಬೋಯಾ ಸೇರಿ ಆಗುವ ತ್ರಿಕೋನದೊಳಗೆ ಕಂಡುಬಂದ ದೋಣಿ ವಿಚಾರಣೆಯಿಲ್ಲದೆ ಅನರ್ಹ. ಆ ಓಟ ಮತ್ತೆ ಶುರುವಾದರೂ ಅದು ಒಳಗೆ ಬರುವಂತಿಲ್ಲ. ಬಾವುಟ ಏರಿದ ಮೇಲೆ ಮಕ್ಕಳೆಲ್ಲ ಎಷ್ಟು ಸಭ್ಯರಾಗಿ ಹಿಂದೆ ನಿಂತರೆಂದರೆ, ಇದನ್ನು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲೂ ಹಾರಿಸಿ ನೋಡಬೇಕು.

*

ಮಧ್ಯಾಹ್ನ ಗಾಳಿ ಸತ್ತಿತು. ಕೆಂಪು ಬಿಳಿ ಪಟ್ಟೆಯ ಎಪಿ ಬಾವುಟ: ಮುಂದೂಡಲಾಗಿದೆ. ಎಷ್ಟು ಹೊತ್ತಿಗೆ ಎಂದು ಕೇಳಿದರೆ ಗಾಳಿಯನ್ನೇ ಕೇಳಿ ಎಂಬ ಮುಖ. ಮಕ್ಕಳು ಇಡ್ಲಿ ತಿಂದರು, ಇಸ್ಪೀಟಾಡಿದರು.

*

ಗಾಳಿ ಬಂದ ಮೇಲಿನ ಓಟದಲ್ಲಿ ವಿಚಿತ್ರ ಕಂಡೆ. ಮುಂದೆ ಹೋಗುತ್ತಿದ್ದ ದೋಣಿಯೊಂದು ಇದ್ದಕ್ಕಿದ್ದಂತೆ ಗುಂಪಿನಿಂದ ಬದಿಗೆ ಸರಿದು, ಇದ್ದಲ್ಲೇ ಗಿರಗಿರನೆ ಎರಡು ಸುತ್ತು ತಿರುಗಿತು. ಹಿಡಿತ ತಪ್ಪಿತು ಪಾಪ ಎಂದುಕೊಂಡೆ. ತಿರುಗಿ ಮುಗಿಸಿ ಅದು ಮತ್ತೆ ಓಟ ಸೇರಿತು, ಏಳೆಂಟು ದೋಣಿ ಹಿಂದೆ ಬಿದ್ದು.

ಸಂಜೆ ನಮ್ಮ ಹುಡುಗಿ ವಿವರಿಸಿದಳು. ಅದು ಶಿಕ್ಷೆ. ಯಾರು ಕೊಟ್ಟದ್ದು? ಆ ಹುಡುಗನೇ, ತನಗೆ ತಾನೇ.

"ಅಂಪೈರ್ ನೋಡಿದ್ನಾ?"

"ಅಂಪೈರ್ ಇರಲ್ಲ ತಾತ. ಅವನು ಪೋರ್ಟ್‌ನಲ್ಲಿದ್ದ. ನಾನು ಸ್ಟಾರ್‌ಬೋರ್ಡ್ ಅಂತ ಕೂಗ್ದೆ. ಅವನು ಬಿಡ್ಲಿಲ್ಲ. ಅವನಿಗೇ ಗೊತ್ತಾಯ್ತು."

ನೀರಿನ ರಸ್ತೆ ನಿಯಮ ಇಷ್ಟು: ಗಾಳಿ ಬಲಗಡೆಯಿಂದ ಬರುತ್ತಿರುವ ದೋಣಿಗೆ ದಾರಿ, ಎಡಗಡೆಯಿಂದ ಬರುತ್ತಿರುವುದು ಬಿಡಬೇಕು. ಎರಡಕ್ಕೂ ಒಂದೇ ಕಡೆಯಿಂದ ಗಾಳಿಯಿದ್ದು ಅಕ್ಕಪಕ್ಕದಲ್ಲಿದ್ದರೆ ಗಾಳಿಗೆ ಹತ್ತಿರ ಇರುವುದು ಬಿಡಬೇಕು. ಹಿಂದಿರುವುದು ಮುಂದಿನದಕ್ಕೆ ಬಿಡಬೇಕು. ತಪ್ಪಿದೆ ಎಂದು ತಿಳಿದ ಕೂಡಲೇ ಪಕ್ಕಕ್ಕೆ ಹೋಗಿ ಎರಡು ಸುತ್ತು ತಿರುಗಬೇಕು. ಬೋಯಾ ತಾಕಿದರೆ ಒಂದೇ ಸುತ್ತು. ಪುಸ್ತಕದ ಆರಂಭದಲ್ಲೇ, ನಿಯಮ ಪಾಲಿಸುವುದೂ ಜಾರಿ ಮಾಡುವುದೂ ಸ್ಪರ್ಧಿಗಳ ಕೆಲಸ ಎಂದು ಹಾಕಿದ್ದಾರೆ. ನಾನು ಅದನ್ನು ಎಲ್ಲ ಸಂಸ್ಥೆಗಳೂ ಪೀಠಿಕೆಯಲ್ಲಿ ಬರೆಯುವ ಒಳ್ಳೆಯ ಮಾತು ಎಂದು ಹಾರಿಸಿದ್ದೆ. ಇಲ್ಲಿ ಅದು ಆಟದ ಯಂತ್ರವೇ ಎಂದು ಈಗ ತಿಳಿಯಿತು. ಬ್ಯಾಟಿಗೆ ತಾಗಿದ ಚೆಂಡು ಕೀಪರ್ ಕೈ ಸೇರಿದರೂ ಅಂಪೈರ್ ಬೆರಳಿಗಾಗಿ ಕಾಯುವ ಆಟ ನೋಡಿ ಬೆಳೆದವನು ನಾನು.

*

ಆದರೆ ನೀರಿನ ಮೇಲೆ ತೀರ್ಪುಗಾರರು ಇಲ್ಲವೇ ಇಲ್ಲ ಎಂದಲ್ಲ. ರಬ್ಬರ್ ದೋಣಿಯಲ್ಲಿ ಇಬ್ಬರು ಹಳದಿ ಬಾವುಟ ಇಟ್ಟುಕೊಂಡು ಹಿಂಬಾಲಿಸುತ್ತಾರೆ. ಅವರು ನೋಡುವುದು ಮೈಯನ್ನು. ಓಡಬೇಕಾದ್ದು ಗಾಳಿ ನೀರಿನಿಂದ ಮಾತ್ರ. ಹಾಯಿಯನ್ನು ಬೀಸಣಿಗೆಯಾಡಿಸುವುದು, ದೋಣಿಯನ್ನು ತೂಗುವುದು, ಚುಕ್ಕಾಣಿಯನ್ನು ಹುಟ್ಟಿನಂತೆ ಆಡಿಸುವುದು ನಿಷಿದ್ಧ. ಕಂಡರೆ ಸೀಟಿ, ಹಳದಿ ಬಾವುಟ, ದೋಣಿಯ ಸಂಖ್ಯೆ ಕೂಗು. ಮೊದಲ ಸಲ ಎರಡು ಸುತ್ತು, ಎರಡನೇ ಸಲ ಆ ಓಟದಿಂದಲೇ ಹೊರಗೆ.

ನನಗೆ ಬಿಡಿಸಲಾಗದ ಒಗಟು: ಅದೇ ತೀರ್ಪುಗಾರರ ಕಣ್ಣೆದುರು ಎರಡು ದೋಣಿ ಡಿಕ್ಕಿಯಾದರೆ ಅವರು ಸಾಮಾನ್ಯವಾಗಿ ಬಾಯಿ ಬಿಡುವುದಿಲ್ಲ. ಅದು ಆ ಇಬ್ಬರು ಮಕ್ಕಳ ವ್ಯವಹಾರ. ಸೊಂಟ ಕುಣಿಸಿದರೆ ಸೀಟಿ, ಡಿಕ್ಕಿಗೆ ಮೌನ! ಒಬ್ಬ ಕೋಚನ್ನು ಕೇಳಿದೆ. ಡಿಕ್ಕಿಯಾದರೆ ಎದುರಾಳಿಗೆ ಗೊತ್ತಾಗುತ್ತದೆ, ಅವನು ಕೇಳಿಯೇ ಕೇಳುತ್ತಾನೆ. ಹಾಯಿ ಬೀಸಿದವನನ್ನು ಓಟದ ಗಡಿಬಿಡಿಯಲ್ಲಿ ಇನ್ನಾರು ಗಮನಿಸುತ್ತಾರೆ ಎಂದರು. ಉತ್ತರ ಚೆನ್ನಾಗಿದೆ, ಪೂರ್ತಿ ಒಪ್ಪಲಾರೆ.

*

ಬೋಯಾ ಸುತ್ತ ಕಾಣದ ವೃತ್ತವೊಂದಿದೆ. ಮೂರು ದೋಣಿಯುದ್ದ, ಎಂದರೆ ಆಪ್ಟಿಮಿಸ್ಟಿಗೆ ಏಳು ಮೀಟರಿಗೆ ಹತ್ತು ಸೆಂಟಿಮೀಟರ್ ಕಡಿಮೆ. ಮೊದಲ ದೋಣಿ ಆ ವೃತ್ತ ಮುಟ್ಟಿದ ಕ್ಷಣ ಯಾರ ಮೂತಿ ಯಾರ ಬೆನ್ನನ್ನು ದಾಟಿತ್ತು ಎಂಬುದರ ಮೇಲೆ ಒಳಗಿನವನಿಗೆ ಜಾಗ ಕೊಡಬೇಕೋ ಬೇಡವೋ ಎಂಬುದು ತೀರ್ಮಾನ. ನೀರಿನ ಮೇಲೆ ಗೀಟು ಎಳೆದವರಿಲ್ಲ. ನಮ್ಮ ಹುಡುಗಿ ಭಾನುವಾರ ಮನೆಯಲ್ಲಿ ಚೌಕಾಬಾರದ ಲೆಕ್ಕಕ್ಕೆ ಜಗಳವಾಡುತ್ತಾಳೆ; ಇಲ್ಲಿ ಏಳು ಮೀಟರ್ ಕಣ್ಣಳತೆಯಲ್ಲಿ ಒಪ್ಪಿ ಮುಂದೆ ಹೋಗುತ್ತಾಳೆ.

*

ಒಪ್ಪದವರೂ ಇರುತ್ತಾರೆ. ಆಗ "ಪ್ರೊಟೆಸ್ಟ್" ಎಂದು ಕೂಗಬೇಕು, ಘಟನೆಯಾದ ಬೆನ್ನಿಗೇ. ದೊಡ್ಡ ದೋಣಿಯವರು ಕೆಂಪು ಬಾವುಟವನ್ನೂ ತೋರಿಸಬೇಕು. ಆರು ಮೀಟರಿಗಿಂತ ಚಿಕ್ಕವಕ್ಕೆ ವಿನಾಯಿತಿ. ದಡಕ್ಕೆ ಬಂದು ಗಡುವಿನೊಳಗೆ ಅರ್ಜಿ ತುಂಬಿ, ಗಾಳಿಯ ದಿಕ್ಕು ತೋರಿಸಿ ನಕ್ಷೆ ಬರೆದುಕೊಡಬೇಕು.

ವಿಚಾರಣೆಯ ಕೋಣೆಯೊಳಗೆ ಹಿರಿಯ ತೀರ್ಪುಗಾರರ ಮುಂದೆ ಮೇಜು, ಮೇಜಿನ ಮೇಲೆ ಬೆರಳುದ್ದದ ಆಟಿಕೆ ದೋಣಿಗಳು. ಇಬ್ಬರು ಮಕ್ಕಳು ಎದುರುಬದುರು. ಒಬ್ಬಳು ದೋಣಿ ಸರಿಸಿ ತೋರಿಸುತ್ತಾಳೆ, ಇನ್ನೊಬ್ಬ ಅದನ್ನು ಹಿಂದಕ್ಕೆ ಎಳೆಯುತ್ತಾನೆ. ಪರಸ್ಪರ ಪ್ರಶ್ನೆ, ಸಾಕ್ಷಿ, ಎಲ್ಲ ಕ್ರಮಪ್ರಕಾರ. ತಾಯಂದಿರು ಬಾಗಿಲಾಚೆ. ಕಿಟಕಿಯಿಂದ ನನಗೆ ಕಂಡಿದ್ದು ಇಷ್ಟೇ, ಕೇಳಿಸಿದ್ದು ಏನೂ ಇಲ್ಲ. ಅರ್ಧ ಗಂಟೆಯ ಮೇಲೆ ಹೊರಬಂದ ಇಬ್ಬರಲ್ಲಿ ಗೆದ್ದವರು ಯಾರು ಎಂದು ಮುಖ ನೋಡಿ ಹೇಳುವಂತಿರಲಿಲ್ಲ; ಇಬ್ಬರೂ ಹಸಿದಿದ್ದರು.

*

ಅಂಕಗಣಿತ. ಮೊದಲು ಬಂದವನಿಗೆ 1, ಎರಡನೆಯವನಿಗೆ 2. ಕೊನೆಗೆ ಕಡಿಮೆ ಕೂಡಿಸಿಕೊಂಡವನು ವಿಜೇತ. ಸಾಕಷ್ಟು ಓಟಗಳಾದರೆ ಅತ್ಯಂತ ಕೆಟ್ಟ ಒಂದನ್ನು ಲೆಕ್ಕದಿಂದ ತೆಗೆಯುತ್ತಾರೆ. ಯಾವ ಮಹಾನುಭಾವನ ಯೋಚನೆಯೋ, ಎಸ್ಸೆಸ್ಸೆಲ್ಸಿಯಲ್ಲಿ ಇದ್ದಿದ್ದರೆ ನನ್ನ ಗಣಿತ ಹೋಗುತ್ತಿತ್ತು. ಫಲಿತಾಂಶದ ಹಾಳೆಯಲ್ಲಿ ಅಂಕಿಗಳ ನಡುವೆ ಮೂರಕ್ಷರದ ಗುಪ್ತಲಿಪಿ: ಓಸಿಎಸ್, ಗೆರೆ ಮೊದಲೇ ದಾಟಿ ಹಿಂದಕ್ಕೆ ಬಾರದವ. ಬಿಎಫ್‌ಡಿ, ಕಪ್ಪು ಬಾವುಟಕ್ಕೆ ಬಲಿ. ಡಿಎಸ್‌ಕ್ಯೂ, ವಿಚಾರಣೆಯಲ್ಲಿ ಅನರ್ಹ. ಆರ್‌ಇಟಿ, ತಾನಾಗಿ ಹಿಂದೆ ಸರಿದವ.

ಈ ಕೊನೆಯದರ ಬಗ್ಗೆ ನನ್ನದೊಂದು ತಕರಾರಿದೆ.

ನಾಲ್ಕನೆಯವನಾಗಿ ಗುರಿ ಮುಟ್ಟಿದ ಹುಡುಗನೊಬ್ಬ ದಡಕ್ಕೆ ಬಂದವನೇ ಕಚೇರಿಯ ಮೇಜಿಗೆ ಹೋಗಿ ಒಂದು ಕಾಗದಕ್ಕೆ ಸಹಿ ಹಾಕಿದ. ಎರಡನೇ ಬೋಯಾದಲ್ಲಿ ತಾನು ಜಾಗ ಕೊಡಬೇಕಿತ್ತು, ಕೊಡಲಿಲ್ಲ. ದಾರಿಯುದ್ದಕ್ಕೂ ಯೋಚಿಸಿ ಈಗ ಖಾತ್ರಿಯಾಯಿತು ಎಂದ. ಯಾರೂ ಪ್ರೊಟೆಸ್ಟ್ ಕೂಗಿರಲಿಲ್ಲ. ಅವನ ಅಪ್ಪ, "ಯಾರೂ ಕೇಳಿಲ್ಲವಲ್ಲೋ" ಎಂದು ತೆಲುಗಿನಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದರು. ಹುಡುಗ ಸಮೋಸಾ ತಿನ್ನುತ್ತಿದ್ದ.

ಇಲ್ಲಿ ನಲವತ್ತು ದೋಣಿ ನೋಂದಾಯಿಸಿರುವುದರಿಂದ ಹೀಗೆ ಹಿಂದೆ ಸರಿದವನಿಗೆ 41 ಅಂಕ. ತಪ್ಪು ಮಾಡಿ, ಒಪ್ಪದೆ, ವಾದಿಸಿ, ಸಿಕ್ಕಿಬಿದ್ದು ಅನರ್ಹನಾದವನಿಗೆ ಎಷ್ಟು? ಅದೂ 41! ನೀರಿನ ಮೇಲೆ ತಕ್ಷಣ ಒಪ್ಪಿ ಎರಡು ಸುತ್ತು ಹೊಡೆದವನು ಕೆಲವು ಸ್ಥಾನ ಕಳೆದುಕೊಂಡು ಪಾರಾಗುತ್ತಾನೆ. ಅರ್ಧ ಗಂಟೆ ತಡವಾಗಿ ಒಪ್ಪಿದವನಿಗೂ ಕೊನೆಯವರೆಗೂ ಒಪ್ಪದವನಿಗೂ ಒಂದೇ ತಕ್ಕಡಿ. ಪುಸ್ತಕದ ಅನುಬಂಧವೊಂದರಲ್ಲಿ ಇದಕ್ಕೆ ಮದ್ದಿದೆ. ಸಂಘಟಕರು ಬೇಕೆಂದರೆ ಅದನ್ನು ಅಳವಡಿಸಿಕೊಳ್ಳಬಹುದು: ಓಟ ಮುಗಿದ ಮೇಲೆ, ವಿಚಾರಣೆ ಶುರುವಾಗುವ ಮೊದಲು ತಪ್ಪೊಪ್ಪಿಕೊಂಡರೆ ಗುರಿ ಮುಟ್ಟದವನ ಅಂಕದ ಶೇ. 30ರಷ್ಟು ಮಾತ್ರ ದಂಡ. 41ರ ಶೇ. 30 ಎಂದರೆ 12.3, ಪೂರ್ಣಾಂಕ ಮಾಡಿದರೆ 12. ನಾಲ್ಕನೆಯವನಿಗೆ 16 ಬೀಳುತ್ತಿತ್ತು, 41 ಅಲ್ಲ. ಈ ಪಂದ್ಯದ ಕಾಗದಗಳಲ್ಲಿ ಆ ಅನುಬಂಧದ ಸುದ್ದಿಯಿಲ್ಲ. ದೊಡ್ಡವರ ಪಂದ್ಯಕ್ಕೆ ಇರಲಿ ಬಿಡಲಿ, ಮಕ್ಕಳ ಪಂದ್ಯಕ್ಕೆ ಅದು ಇರಲೇಬೇಕು.

*

ಪುಸ್ತಕದ ಮೊಟ್ಟಮೊದಲ ನಿಯಮ ಓಟದ್ದಲ್ಲ. ಅಪಾಯದಲ್ಲಿರುವವರಿಗೆ ಸಾಧ್ಯವಿದ್ದಷ್ಟೂ ನೆರವಾಗಬೇಕು ಎಂಬುದು. ನೆರವಿಗೆ ಹೋಗಿ ಸ್ಥಾನ ಕಳೆದುಕೊಂಡವನು ಪರಿಹಾರ ಕೇಳಬಹುದು, ಸಮಿತಿ ಅಂಕ ಸರಿಪಡಿಸಬಹುದು. ಕೋಚುಗಳು ಮಕ್ಕಳಿಗೆ ಹೇಳುವ ಕತೆ 1988ರ ಸೋಲ್ ಒಲಿಂಪಿಕ್ಸಿನದು. ಹಾಯಿದೋಣಿಗಳ ಸ್ಪರ್ಧೆ ನಡೆದದ್ದು ಬುಸಾನಿನಲ್ಲಿ. ಕೆನಡಾದ ಲಾರೆನ್ಸ್ ಲೆಮ್ಯೂ ಫಿನ್ ತರಗತಿಯ ಓಟದಲ್ಲಿ ಎರಡನೆಯ ಸ್ಥಾನದಲ್ಲಿದ್ದ. ಬಿರುಗಾಳಿಗೆ ಮಗುಚಿದ ಸಿಂಗಾಪುರದ ದೋಣಿಯ ಇಬ್ಬರನ್ನು ಕಂಡು ದಾರಿ ಬಿಟ್ಟು ಹೋಗಿ ಎತ್ತಿಕೊಂಡ. ತೀರ್ಪುಗಾರರು ಆ ಓಟದಲ್ಲಿ ಅವನಿಗೆ ಎರಡನೆಯ ಸ್ಥಾನವನ್ನೇ ಕೊಟ್ಟರು. ಪದಕ ಬರಲಿಲ್ಲ, ಒಟ್ಟು ಲೆಕ್ಕದಲ್ಲಿ ಹನ್ನೊಂದನೆಯವನಾದ. ಒಲಿಂಪಿಕ್ ಸಮಿತಿ ಕ್ರೀಡಾಮನೋಭಾವಕ್ಕಾಗಿ ಪಿಯರ್ ದ ಕೂಬರ್ತಾ ಪದಕ ಕೊಟ್ಟು ಗೌರವಿಸಿತು.

*

ಸಮುದ್ರವಿಲ್ಲದ ಊರಿನವರಿಗೆ ಇದೆಲ್ಲ ಯಾಕೆ ಎಂದು ಪಕ್ಕದ ಬೆಂಚಿನವರು ಕೇಳಿದರು. ಪಟ್ಟಿ ಕೊಟ್ಟೆ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸಿನಲ್ಲಿ ಹುಡುಗಿಯರ ಡಿಂಗಿಯಲ್ಲಿ ಬೆಳ್ಳಿ ಗೆದ್ದ ನೇಹಾ ಠಾಕೂರ್ ಮಧ್ಯಪ್ರದೇಶದವಳು. ಕಲಿತದ್ದು ಭೋಪಾಲದ ಕೆರೆಯಲ್ಲಿ. ವರುಣ್ ಠಕ್ಕರ್ ಜೊತೆ 2018ರ ಏಷ್ಯನ್ ಗೇಮ್ಸಿನಲ್ಲಿ ಕಂಚು ಗೆದ್ದು ಟೋಕಿಯೊ ಒಲಿಂಪಿಕ್ಸಿಗೂ ಹೋದ ಕೆ.ಸಿ. ಗಣಪತಿ ಬೆಳೆದದ್ದು ಚೆನ್ನೈಯಲ್ಲಿ, ಆದರೆ ಹೆಸರಿನ ಮುಂದಿನ ಕೇಳಪಂಡ ಕೊಡಗಿನ ಮನೆತನ. ಇನ್ನು ನಮ್ಮ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಸ್ಯಾಪರ್ಸ್ ದಂಡಿನವರ ಹಾಯಿದೋಣಿ ಕ್ಲಬ್ಬಿಗೆ ತೃಷ್ಣಾ ಎಂದು ಹೆಸರು; 1985–87ರಲ್ಲಿ ಸೇನೆಯ ಎಂಜಿನಿಯರುಗಳು ಭೂಮಿ ಸುತ್ತಿಬಂದ ಹಾಯಿಹಡಗಿನ ಹೆಸರು ಅದು. ಬಸ್ಸಿನ ಕಿಟಕಿಯಿಂದ ಆ ಕೆರೆಯನ್ನು ಎಷ್ಟು ವರ್ಷ ನೋಡಿದ್ದೇನೋ.

*

ಫಲಿತಾಂಶ ಬೋರ್ಡಿಗೆ ಬಂತು. ನಮ್ಮ ಹುಡುಗಿ ಹದಿಮೂರನೆಯವಳು. ಸಮೋಸಾದ ಹುಡುಗ 41ನ್ನು ಕೆಟ್ಟ ಓಟವಾಗಿ ಲೆಕ್ಕದಿಂದ ತೆಗೆಸಿಕೊಂಡು ಆರನೆಯವನಾಗಿ ಉಳಿದಿದ್ದಾನೆ. ಒಂದು ಕೆಟ್ಟ ಓಟವನ್ನು ಬಿಡುವ ನಿಯಮ ಯಾಕಿದೆ ಎಂದು ಅವನ ಅಪ್ಪ ಈಗ ಎಲ್ಲರಿಗೂ ವಿವರಿಸುತ್ತಿದ್ದಾರೆ.

ಕ್ರೀಡಾಪುಟದ ಸಂಪಾದಕರಲ್ಲಿ ಒಂದು ಕೋರಿಕೆ. ಮಕ್ಕಳ ರೆಗಟ್ಟಾದ ಸುದ್ದಿ ನೀವು ಹಾಕುವುದೇ ಅಪರೂಪ, ಹಾಕಿದರೂ ಮೂರು ಹೆಸರು, ಮೂರು ಪದಕ. ಮುಂದಿನ ಸಲ ಫಲಿತಾಂಶದ ಹಾಳೆಯನ್ನು ಪೂರ್ತಿ ನೋಡಿ, ಆರ್‌ಇಟಿ ಎಂದು ಎಷ್ಟು ಕಡೆ ಇದೆ ಎಂಬುದನ್ನೂ ಒಂದು ಸಾಲಿನಲ್ಲಿ ಅಚ್ಚು ಹಾಕಿ.